ತಟ್ಟೆಯ ತಳದಲ್ಲಿ ಆರು ಚೀನೀ ಅಕ್ಷರ, ಕೊಂಡಿದ್ದು ಮಾತ್ರ ಕ್ಯೋಟೋದಲ್ಲಿ. ಇದು ಯಾರು ಮಾಡಿದ್ದು?

ಓಸಾಕಾವಾಸಿ:
ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ. ಕ್ಯೋಟೋದ ತೋಜಿ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 21ಕ್ಕೆ ದೊಡ್ಡ ಸಂತೆ ನಡೆಯುತ್ತದೆ. ಮೊನ್ನೆ ಅಲ್ಲಿ ಒಂದು ನೀಲಿ-ಬಿಳಿ ಪಿಂಗಾಣಿ ತಟ್ಟೆ ತಗೊಂಡೆ. ಅಗಲ ಸುಮಾರು 22 ಸೆಂಟಿಮೀಟರ್, ಮೈತುಂಬ ಹೂಬಳ್ಳಿ, ಅಂಚಿಗೆ ಕಂದು ಗೆರೆ. 4,000 ಯೆನ್ ಕೊಟ್ಟೆ. ಮಾರಿದ ಅಜ್ಜ ‘ಹಳೇ ಇಮಾರಿ’ (ಜಪಾನಿನ ಪಿಂಗಾಣಿ) ಅಂದರು, ಅಷ್ಟೇ.

ಮನೆಗೆ ಬಂದು ತಿರುಗಿಸಿ ನೋಡಿದರೆ ತಳದಲ್ಲಿ ನೀಲಿ ಬಣ್ಣದ ಆರು ಅಕ್ಷರ, ಮೂರು ಮೂರರಂತೆ ಎರಡು ಸಾಲು. ಆಫೀಸಿನ ಚೀನೀ ಗೆಳತಿಗೆ ಫೋಟೋ ಕಳಿಸಿದೆ. ‘ದಾ ಮಿಂಗ್ ಚೆಂಗ್‌ಹುವಾ ನಿಯೆನ್ ಜ್ಹಿ’ ಅಂತ ಓದಿದಳು. ಮಹಾ ಮಿಂಗ್ ವಂಶದ ಚೆಂಗ್‌ಹುವಾ ದೊರೆಯ ಕಾಲದಲ್ಲಿ ಮಾಡಿದ್ದು ಅಂತ ಅರ್ಥವಂತೆ. ಹುಡುಕಿ ನೋಡಿದೆ, ಆತನ ಕಾಲ 1465ರಿಂದ 1487! ಚೀನಾದ ಮಾಲನ್ನು ಇಮಾರಿ ಅಂತ ತಿಳಿದು ಅಜ್ಜ ಅಗ್ಗಕ್ಕೆ ಕೊಟ್ಟುಬಿಟ್ಟರಾ? ಅಥವಾ ಟೋಪಿ ಬಿದ್ದದ್ದು ನನಗಾ?

ಲಾಟ್ರಿ_ಲಕ್ಕಪ್ಪ:
ರಾಜೀನಾಮೆ ಪತ್ರ ಬರೆದಿಟ್ಟುಕೊಳ್ಳಿ ಸಾರ್. ಇದೇ ಚೆಂಗ್‌ಹುವಾ ಕಾಲದ, ಕೋಳಿ ಚಿತ್ರ ಇರುವ ಅಂಗೈಯಗಲದ ಬಟ್ಟಲು 2014ರಲ್ಲಿ ಹಾಂಗ್‌ಕಾಂಗ್‌ನ ಸೋದೆಬಿ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹೋಗಿತ್ತು. ಕೊಂಡವರು ಶಾಂಘೈನ ಲಿಯು ಯಿಚಿಯೆನ್. ಅದರಲ್ಲೇ ಚಹಾ ಹಾಕಿಸಿಕೊಂಡು ಕುಡಿದು ಫೋಟೋ ಬೇರೆ ತೆಗೆಸಿಕೊಂಡರು.

ಕರಾವಳಿ_ಕುಂಬಾರ:
ಲಕ್ಕಪ್ಪನವರೇ, ಸುಮ್ನೆ ಆಸೆ ಹುಟ್ಟಿಸಬೇಡಿ.

ಓಸಾಕಾವಾಸಿ, ಸದ್ಯಕ್ಕೆ ಅಕ್ಷರ ಬದಿಗಿಡಿ. ಅಕ್ಷರಗಳ ಸುತ್ತಮುತ್ತ, ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಮೇಲೆ, ಸಾಸಿವೆ ಗಾತ್ರದ ಚುಕ್ಕಿಗಳಿವೆಯಾ? ಕಣ್ಣಿಗಿಂತ ಉಗುರಿಗೆ ಬೇಗ ಸಿಗುತ್ತವೆ, ಒರಟಾಗಿರುತ್ತವೆ. ತಟ್ಟೆಯನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದು ನೋಡಿ ಹೇಳಿ.

ಓಸಾಕಾವಾಸಿ:
ಇವೆ! ಮಧ್ಯೆ ಒಂದು, ಸುತ್ತ ಮೂರು. ಕೊಳೆ ಅಂತ ಸ್ಪಂಜಿನಲ್ಲಿ ಉಜ್ಜುತ್ತಿದ್ದೆ.

ಕರಾವಳಿ_ಕುಂಬಾರ:
ಉಜ್ಜಬೇಡಿ, ಹೋಗುವುದಿಲ್ಲ. ಅದೇ ನಿಮ್ಮ ಉತ್ತರ. ಇದು ಜಪಾನಿನ ಅರಿತಾ ಊರಿನ ಕೆಲಸ. ಅಲ್ಲಿನ ಸರಕು ಇಮಾರಿ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಆ ಹೆಸರು. ಅಜ್ಜ ಹೇಳಿದ್ದು ಸರಿ.

ಚುಕ್ಕಿ ಯಾಕೆ ಬರುತ್ತವೆ ಅಂದರೆ, ಅಗಲವಾದ ತಟ್ಟೆಯನ್ನು ಗೂಡಿನಲ್ಲಿ ಸುಡುವಾಗ ಪಿಂಗಾಣಿ ಮಣ್ಣು ಮೆತ್ತಗಾಗಿ ನಡುಭಾಗ ಕುಸಿಯುತ್ತದೆ. ಕುಸಿಯದಿರಲಿ ಅಂತ ಅರಿತಾದವರು ತಳಕ್ಕೆ ಚಿಕ್ಕ ಚಿಕ್ಕ ಮಣ್ಣಿನ ಮೊಳೆಗಳನ್ನು ಆನಿಸಿ ಇಡುತ್ತಿದ್ದರು. ಸುಟ್ಟಾದ ಮೇಲೆ ತಟ್ಟಿ ಬೀಳಿಸುತ್ತಿದ್ದರು. ಬುಡ ಅಂಟಿಕೊಂಡಿದ್ದ ಜಾಗದಲ್ಲಿ ಈ ಚುಕ್ಕಿ ಉಳಿಯುತ್ತದೆ. ಚೀನಾದ ಪಿಂಗಾಣಿ ಊರು ಜಿಂಗ್‌ದೆಝೆನ್‌ನಲ್ಲಿ ಇಂಥ ತಟ್ಟೆಗೆ ಆ ಪದ್ಧತಿ ಇರಲಿಲ್ಲ.

ಇನ್ನು ಕಾಲ. ಜಪಾನಿನಲ್ಲಿ ಪಿಂಗಾಣಿ ಶುರುವಾಗಿದ್ದೇ 1610ರ ದಶಕದಲ್ಲಿ, ಅದೂ ಅರಿತಾದಲ್ಲಿ, ಕೊರಿಯಾದಿಂದ ಬಂದ ಕುಂಬಾರರ ಕೈಯಿಂದ. ಚೆಂಗ್‌ಹುವಾ ಸತ್ತು ಆಗಲೇ ನೂರಿಪ್ಪತ್ತು ವರ್ಷದ ಮೇಲಾಗಿತ್ತು. ಕಂದು ಅಂಚು, ಬಳ್ಳಿಯ ಶೈಲಿ ನೋಡಿದರೆ 18ನೇ ಶತಮಾನ ಅನ್ನಿಸುತ್ತದೆ. ಕೈಯಲ್ಲಿ ಹಿಡಿಯದೆ ಆಣೆ ಮಾಡಿ ಹೇಳಲ್ಲ. 4,000 ಯೆನ್‌ಗೆ ಏನೂ ನಷ್ಟವಿಲ್ಲ.

ಬೆಂಗ್ಳೂರ್_ಭಾವ:
ಅಂದರೆ ನಕಲಿ ತಾನೆ? ಚೀನಾ ರಾಜನ ಹೆಸರು ಬರೆದು ಜಪಾನಿನವರು ಮಾರಿದರೆ ನಮ್ಮ ಕಡೆ ಅದಕ್ಕೆ ಮೋಸ ಅಂತಾರೆ.

ಕರಾವಳಿ_ಕುಂಬಾರ:
ಅಷ್ಟು ಬೇಗ ತೀರ್ಪು ಕೊಡಬೇಡಿ. ಚೀನಾದವರೇ ತಮ್ಮ ಹಳೇ ದೊರೆಗಳ ಹೆಸರು ಬರೆದುಕೊಂಡಿದ್ದಾರೆ. ಕಾಂಗ್‌ಶಿ ದೊರೆಯ ಕಾಲದ, ಅಂದರೆ 1662ರಿಂದ 1722ರ ನಡುವಿನ, ಎಷ್ಟೋ ಒಳ್ಳೊಳ್ಳೆ ಹೂದಾನಿಗಳ ತಳದಲ್ಲಿ ಚೆಂಗ್‌ಹುವಾ ಹೆಸರಿದೆ, ಇಲ್ಲ ಷುವಾನ್‌ದೆ ಹೆಸರಿದೆ. ಇಬ್ಬರೂ 15ನೇ ಶತಮಾನದವರು. ಆ ಕಾಲದ ಕೆಲಸವೇ ಉತ್ತಮ ಅಂತ ಆಗ ಎಲ್ಲರ ಭಾವನೆ, ಆ ಗೌರವಕ್ಕೆ ಬರೆದರು.

ಇದರ ಹಿಂದೆ ಒಂದು ಸ್ವಾರಸ್ಯ ಇದೆ. 1677ರಲ್ಲಿ ಜಿಂಗ್‌ದೆಝೆನ್‌ನ ಅಧಿಕಾರಿ ಝಾಂಗ್ ಚಿಝೊಂಗ್ ಒಂದು ಆಜ್ಞೆ ಹೊರಡಿಸಿದ: ಆಳುತ್ತಿರುವ ದೊರೆಯ ಹೆಸರನ್ನು ಪಾತ್ರೆ ಮೇಲೆ ಬರೆಯಬೇಡಿ. ಪಾತ್ರೆ ಒಡೆಯುತ್ತದೆ, ಚೂರು ಕಸಕ್ಕೆ ಹೋಗುತ್ತದೆ, ದೊರೆಯ ಹೆಸರನ್ನು ಜನ ತುಳಿಯುತ್ತಾರೆ. ಆಮೇಲೆ ಕುಂಬಾರರು ಏನು ಮಾಡಿದರು? ಕೆಲವರು ಸತ್ತ ದೊರೆಗಳ ಹೆಸರು ಹಾಕಿದರು. ಕೆಲವರು ಎಲೆಯೋ ಹೂವೋ ಬರೆದರು. ಇನ್ನು ಕೆಲವರು ಎರಡು ನೀಲಿ ವೃತ್ತ ಎಳೆದು ಒಳಗೆ ಖಾಲಿ ಬಿಟ್ಟರು. ಆ ಖಾಲಿ ವೃತ್ತ ಇದ್ದರೆ ನನಗೆ ಆರು ಅಕ್ಷರಕ್ಕಿಂತ ಜಾಸ್ತಿ ನಂಬಿಕೆ ಬರುತ್ತದೆ.

ಬೆಂಗ್ಳೂರ್_ಭಾವ:
‘ಗೌರವಕ್ಕೆ ಬರೆದರು’ ಅನ್ನುವುದು ವ್ಯಾಪಾರಿಗಳು ಕಟ್ಟಿದ ಕಥೆ. ಗಿರಾಕಿ ಮೋಸ ಹೋದರೆ ಹೋಗಲಿ ಅಂತ ಬರೆದದ್ದು ಅಷ್ಟೇ.

ಶಾಂಘೈ_ಸೊಸೆ:
ಭಾವ, ಎರಡೂ ಇದೆ. ಎಡೋ ಕಾಲದಲ್ಲಿ, ಅಂದರೆ 1603ರಿಂದ 1868ರ ನಡುವೆ, ಅರಿತಾ ತಟ್ಟೆಯಲ್ಲಿ ಊಟ ಮಾಡಿದ ಜಪಾನಿ ಯಾರೂ ಇದು ಮಿಂಗ್ ಅಂದುಕೊಂಡಿರಲಿಲ್ಲ. ಬಳ್ಳಿ ಇದ್ದ ಹಾಗೆ ಅಕ್ಷರವೂ ಅಲಂಕಾರದ ಭಾಗ. ಆದರೆ 20ನೇ ಶತಮಾನದಲ್ಲಿ ಚಿಯೆನ್‌ಲಾಂಗ್ ದೊರೆಯ ಕೆಂಪು ಮುದ್ರೆ ಹಾಕಿ ಪ್ರವಾಸಿಗರಿಗೆ ತಲೆಗೆ ಕಟ್ಟಿದ್ದು ಶುದ್ಧ ವ್ಯಾಪಾರ. ಯಾವ ಪಾತ್ರೆ, ಯಾವ ಕಾಲ, ಯಾರಿಗೆ ಮಾರಿದ್ದು ಅನ್ನುವುದನ್ನು ನೋಡಿ ಮಾತಾಡಬೇಕು.

ಚೀನೀ ಬರದವರಿಗೂ ಈ ಗುರುತು ಓದಲು ಬರುತ್ತದೆ, ಹೆದರಬೇಡಿ. ಬಲಗಡೆ ಮೇಲಿನಿಂದ ಶುರು ಮಾಡಿ ಕೆಳಗೆ ಇಳಿಯಿರಿ, ಆಮೇಲೆ ಎಡಸಾಲು. ಮೊದಲನೆಯದು ‘ದಾ’. ಒಂದು ಅಡ್ಡಗೆರೆ, ಅದರಡಿ ಕಾಲು ಅಗಲಿಸಿ ನಿಂತ ಮನುಷ್ಯ. ಎರಡನೆಯದು ವಂಶ. ಅಕ್ಕಪಕ್ಕ ಎರಡು ಉದ್ದ ಪೆಟ್ಟಿಗೆ ಕಂಡರೆ ಮಿಂಗ್. ಎಡಬದಿಗೆ ಮೂರು ಹನಿ ಇದ್ದರೆ ಚಿಂಗ್. ಕೊನೆಯ ಎರಡು ಯಾವಾಗಲೂ ‘ನಿಯೆನ್ ಜ್ಹಿ’, ಅಂದರೆ ಆ ಆಳ್ವಿಕೆಯಲ್ಲಿ ಮಾಡಿದ್ದು ಅಂತ. ಉಳಿದದ್ದು ಮಧ್ಯದ ಎರಡೇ, ಅದು ದೊರೆಯ ಆಳ್ವಿಕೆಯ ಹೆಸರು. ಅವುಗಳ ಪಟ್ಟಿ ಇಟ್ಟುಕೊಂಡು ಒಂದು ಸಂಜೆ ಕೂತರೆ ಮುಖ್ಯವಾದವು ಬಾಯಿಪಾಠ ಆಗುತ್ತವೆ. ನಾಲ್ಕೇ ಅಕ್ಷರ ಇದ್ದರೆ ವಂಶದ ಹೆಸರು ಬಿಟ್ಟಿದ್ದಾರೆ ಅಂತ ತಿಳಿಯಿರಿ.

ಕಷ್ಟ ಬರುವುದು ಮುದ್ರೆ ಲಿಪಿಯಲ್ಲಿ. ಚಿಯೆನ್‌ಲಾಂಗ್ ಕಾಲದಿಂದ, 1736ರಿಂದ 1795, ಅದೇ ಜಾಸ್ತಿ. ಎಲ್ಲಾ ಗೆರೆ ಚೌಕ ಚೌಕ. ಫೋನಿನ ಅನುವಾದದ ಆ್ಯಪ್ ಅಲ್ಲಿ ಕೈ ಎತ್ತಿಬಿಡುತ್ತದೆ.

ಇನ್ನೊಂದು ಮಾತು. ಇಲ್ಲಿ ಫೋಟೋ ಹಾಕುವವರಲ್ಲಿ ಅರ್ಧ ಜನ ತಲೆಕೆಳಗಾಗಿ ಹಾಕುತ್ತೀರಿ. ಕಾಲು ಅಗಲಿಸಿ ನಿಂತ ಮನುಷ್ಯನ ಕಾಲು ಆಕಾಶಕ್ಕಿದ್ದರೆ ಫೋಟೋ ತಿರುಗಿಸಿ.

ಲಾಟ್ರಿ_ಲಕ್ಕಪ್ಪ:
ತಿರುಗಿಸಿ ನೋಡಿದೆ. ಆ ಕಡೆಯಿಂದಲೂ ಕೋಟಿ ಕಾಣಲಿಲ್ಲ.

ಮಲ್ನಾಡ್_ಮಗಳು:
ನನ್ನದೂ ಒಂದಿದೆ. ಅಜ್ಜ ಮುಂಬೈಯಲ್ಲಿದ್ದಾಗ ತಂದ ಕಪ್ಪು-ಬಸಿ ಸೆಟ್ ಅಜ್ಜಿಯ ಗಾಜಿನ ಬೀರುವಿನಲ್ಲೇ ಇತ್ತು, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಕಪ್ಪನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಜಪಾನಿ ಹೆಂಗಸಿನ ಮುಖ ಕಾಣುತ್ತದೆ! ಅದರ ಅಡಿಯಲ್ಲಿ ಕೆಂಪಗೆ ಇಂಗ್ಲಿಷಿನಲ್ಲಿ ‘ಮೇಡ್ ಇನ್ ಜಪಾನ್’. ಜೊತೆಗೆ ಬೇರೆ ಒಂದು ಹೂವಿನ ಬಟ್ಟಲ ಸೆಟ್ ಇದೆ, ಚಿನ್ನದ ಅಂಚು. ಅದಕ್ಕೆ ಹಸಿರು ಎಲೆಮಾಲೆ, ಒಳಗೆ ‘ಎಮ್’, ಕೆಳಗೆ ‘ನಿಪ್ಪಾನ್’. ಯಾವುದು ಹಳೇದು?

ಕಪ್ಪುಬಸಿ_ಕಲೆಕ್ಟರ್:
ಇದು ನನ್ನ ಅಂಗಳ. ಎಲೆಮಾಲೆಯ ‘ಎಮ್’ ಅಂದರೆ ಮೊರಿಮುರಾ ಸೋದರರು. ನಗೋಯಾ ಕಡೆ 1904ರಲ್ಲಿ ಕಾರ್ಖಾನೆ ತೆರೆದರು, ಈಗ ನಾವು ನೊರಿಟಾಕೆ ಅನ್ನುವುದು ಅದನ್ನೇ. ನಿಮ್ಮ ಹೂವಿನ ಸೆಟ್ಟೇ ಹಳೇದು.

ಹೇಗೆ ಹೇಳುತ್ತೇನೆ ಅಂದರೆ, ಅಮೆರಿಕದಲ್ಲಿ 1890ರಲ್ಲಿ ಮೆಕಿನ್ಲಿ ಸುಂಕದ ಕಾಯ್ದೆ ಬಂತು. ಹೊರಗಿನಿಂದ ಬರುವ ಸರಕಿನ ಮೇಲೆ ಯಾವ ದೇಶದ್ದು ಅಂತ ಇಂಗ್ಲಿಷಿನಲ್ಲಿ ಬರೆದಿರಲೇಬೇಕು ಅಂದರು. ಜಪಾನಿನವರು 1891ರಿಂದ ‘ನಿಪ್ಪಾನ್’ ಅಂತ ಹಾಕಿದರು. 1921ರಲ್ಲಿ ಅಮೆರಿಕದ ಕಸ್ಟಮ್ಸ್‌ನವರು ನಿಪ್ಪಾನ್ ಆಗಲ್ಲ, ‘ಜಪಾನ್’ ಅಂತಲೇ ಹಾಕಿ ಅಂದರು. ಎರಡನೇ ಮಹಾಯುದ್ಧ ಸೋತ ಮೇಲೆ 1952ರವರೆಗೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅನ್ನುವ ಗುರುತೂ ಬಂತು. ಚೀನಾದ ಸರಕಿನ ಮೇಲೆ ಬರೀ ‘ಚೀನಾ’ ಅಂತ ಇಂಗ್ಲಿಷ್ ಮುದ್ರೆ ಕಂಡರೂ ಅದೇ ಕಾಯ್ದೆಯ ಫಲ.

ಮುಖದ ಕಪ್ಪು 1920ರಿಂದ 50ರ ದಶಕದೊಳಗಿನದು ಇರುತ್ತದೆ, ಹೆಚ್ಚಿನವು. ಅದರಲ್ಲಿ ಬಣ್ಣ ಇಲ್ಲ, ಅಚ್ಚು ಒತ್ತಿ ಪಿಂಗಾಣಿಯನ್ನು ಅಲ್ಲಲ್ಲಿ ತೆಳ್ಳಗೆ ಮಾಡಿರುತ್ತಾರೆ. ತೆಳ್ಳಗಿದ್ದ ಕಡೆ ಬೆಳಕು ಜಾಸ್ತಿ ಬರುತ್ತದೆ, ದಪ್ಪ ಇದ್ದಲ್ಲಿ ನೆರಳು.

ಒಂದು ಎಚ್ಚರಿಕೆ. ಎಲೆಮಾಲೆ ಗುರುತಿಗೂ ಈಚೆಗೆ ನಕಲಿ ಬಂದಿವೆ. ಕೆಲವದರಲ್ಲಿ ಮಾಲೆ ತಲೆಕೆಳಗು, ಒಳಗೆ ‘ಎಮ್’ ಬದಲು ಮರಳು ಗಡಿಯಾರದ ಆಕಾರ. ನಿಮ್ಮದು ಅಜ್ಜಿಯ ಬೀರುವಿನಿಂದ ಬಂದದ್ದು, ಆ ಭಯ ಇಲ್ಲ. ಆದರೂ ನೋಡಿ.

ಮಲ್ನಾಡ್_ಮಗಳು:
‘ಎಮ್’ ಸ್ಪಷ್ಟ ಇದೆ. ಮೈಕ್ರೋವೇವ್‌ನಲ್ಲಿ ಇಡಬಹುದಾ?

ಕಪ್ಪುಬಸಿ_ಕಲೆಕ್ಟರ್:
ಅಯ್ಯೋ ಬೇಡ! ಚಿನ್ನದ ಅಂಚು ಕಿಡಿ ಹಾರುತ್ತದೆ. ಡಿಶ್‌ವಾಷರ್‌ಗೂ ಹಾಕಬೇಡಿ, ಚಿನ್ನ ಸವೆದು ಹೋಗುತ್ತದೆ. ಅಜ್ಜಿ ಬೀರುವಿನಲ್ಲಿ ಇಟ್ಟದ್ದು ಸರಿಯಾಗೇ ಇತ್ತು.

ಬೆಂಗ್ಳೂರ್_ಭಾವ:
ನೋಡಿದ್ರಾ? ದೊರೆ ಹೆಸರು ಇದ್ದರೆ ನಂಬಬೇಡಿ, ಕಸ್ಟಮ್ಸ್‌ನವರಿಗೆ ಹೆದರಿ ಬರೆದಿದ್ದರೆ ನಂಬಿ. ಮನುಷ್ಯ ಎಲ್ಲಾ ಕಡೆ ಒಂದೇ.

ಕರಾವಳಿ_ಕುಂಬಾರ:
ಮೊದಲ ಸಲ ಭಾವನ ಮಾತು ಒಪ್ಪುತ್ತೇನೆ. ಆದರೆ ಉಲ್ಟಾ ಓದಬೇಡಿ. ಇಂಗ್ಲಿಷ್ ಅಕ್ಷರ ಇಲ್ಲ ಅಂದ ಮಾತ್ರಕ್ಕೆ 1891ಕ್ಕಿಂತ ಹಿಂದಿನದು ಅಂತಲ್ಲ. ಅದು ಅಮೆರಿಕದ ಕಾಯ್ದೆ. ಜಪಾನಿನಲ್ಲೇ ಮಾರಿದ್ದಕ್ಕೆ, ಬೇರೆ ದೇಶಕ್ಕೆ ಕಳಿಸಿದ್ದಕ್ಕೆ ಅದರ ಹಂಗಿಲ್ಲ. ಕೆಲವಕ್ಕೆ ಕಾಗದದ ಚೀಟಿ ಅಂಟಿಸುತ್ತಿದ್ದರು, ಮೊದಲ ತೊಳೆತಕ್ಕೇ ಹೋಯಿತು. ಸೆಟ್ಟಿನಲ್ಲಿ ಒಂದಕ್ಕೆ ಮಾತ್ರ ಮುದ್ರೆ ಹಾಕಿದ್ದೂ ಉಂಟು. ಮಾರುವವರು ಇದನ್ನೇ ಹಿಡಿದುಕೊಂಡು ‘ಗುರುತಿಲ್ಲ, ಆದ್ದರಿಂದ ಬಹಳ ಹಳೇದು’ ಅಂತಾರೆ.

ಜಯನಗರ_ಜಾಣೆ:
ನನಗೆ ಹಾಗೆ ಅಂದೇ ಮಾರಿದ್ದು! ಆನ್‌ಲೈನ್‌ನಲ್ಲಿ ಒಂದು ಹೂದಾನಿ, ಚಿನ್ನ ಮೆತ್ತಿದ್ದು, ಮೈತುಂಬ ನವಿಲು. ‘ಮೇಜಿ ಕಾಲದ ಸತ್ಸುಮಾ, 120 ವರ್ಷ ಹಳೇದು’ ಅಂತ ಬರೆದಿದ್ದರು. ತಳದಲ್ಲಿ ವೃತ್ತದೊಳಗೆ ಕೂಡಿಸುವ ಚಿಹ್ನೆ, ಕೆಳಗೆ ಇಂಗ್ಲಿಷಿನಲ್ಲಿ ‘ರಾಯಲ್ ಸತ್ಸುಮಾ’. ವಾಪಸ್ ತಗೊಳ್ಳಲ್ಲ ಅಂತಾನೆ. ಹೇಳಿ, ಮುಳುಗಿದೆನಾ?

ಕಪ್ಪುಬಸಿ_ಕಲೆಕ್ಟರ್:
‘ರಾಯಲ್ ಸತ್ಸುಮಾ’ ಅಂತ ಇಂಗ್ಲಿಷಿನಲ್ಲಿ ಇದ್ದರೆ ಅದು ಈಚಿನ ಕೆಲಸ, ಅದೂ ಚೀನಾದ್ದು. ಸತ್ಸುಮಾದ ಯಾವ ರಾಜನೂ ಇಂಗ್ಲಿಷಿನಲ್ಲಿ ‘ರಾಯಲ್’ ಅಂತ ಬರೆಸಿಲ್ಲ. ಆ ವೃತ್ತ-ಶಿಲುಬೆ ಶಿಮಾಜು ಮನೆತನದ ಲಾಂಛನ, ಅವರು ಸತ್ಸುಮಾ ಸೀಮೆಯ ಒಡೆಯರು. ಆದರೆ ಮೇಜಿ ಕಾಲದಲ್ಲಿ, 1868ರ ನಂತರ, ಯೂರೋಪಿಗೆ ಕಳಿಸುವ ಸರಕಿಗೆ ಕ್ಯೋಟೋ, ಓಸಾಕಾ, ಯೊಕೊಹಾಮಾದವರೆಲ್ಲ ಆ ಲಾಂಛನ ಬರೆದರು. ಅದರಿಂದ ಊರು ಗೊತ್ತಾಗುವುದೇ ಇಲ್ಲ. ಒಳ್ಳೆಯ ಮೇಜಿ ಸತ್ಸುಮಾದಲ್ಲಿ ಲಾಂಛನದ ಜೊತೆ ಕಲಾವಿದನ ಹೆಸರು ಇರುತ್ತದೆ. ಓಸಾಕಾದ ಯಾಬು ಮೇಯ್ಝನ್, ಕ್ಯೋಟೋದ ಕಿಂಕೋಝನ್ ಅಂಥವರದು. ಕೈಬರಹವೋ ಅಚ್ಚೋ ಭೂತಗನ್ನಡಿ ಹಿಡಿದು ನೋಡಿ. ಚಿತ್ರದ ಮೇಲೆ ಸಣ್ಣ ಸಣ್ಣ ಚುಕ್ಕಿಗಳ ಜಾಲ ಕಂಡರೆ ಅದು ಛಾಪಿಸಿದ್ದು.

ಜಯನಗರ_ಜಾಣೆ:
ಚುಕ್ಕಿ ಜಾಲ ಇದೆ. ಹೋಗಲಿ, ಕೊಡೆ ಇಡುವುದಕ್ಕೆ ಆಯಿತು.

ಸೋಲ್_ಸಂಗಪ್ಪ:
ಎಲ್ಲರೂ ಚೀನಾ ಜಪಾನ್ ಅಂತೀರಿ, ಕೊರಿಯಾ ಯಾರಿಗೂ ನೆನಪಾಗಲ್ಲ. ಇಲ್ಲಿ ಗುರುತು ಬಂದದ್ದಕ್ಕೆ ಕಾರಣವೇ ಬೇರೆ: ಕಳ್ಳತನ! ಸರ್ಕಾರಿ ಕಚೇರಿಗೆ ಅಂತ ಕಳಿಸಿದ ಪಾತ್ರೆಗಳು ಅಧಿಕಾರಿಗಳ ಮನೆ ಸೇರುತ್ತಿದ್ದವು. 1417ರಲ್ಲಿ ತೇಜಾಂಗ್ ರಾಜ ಪಾತ್ರೆ ಮೇಲೆ ಕಚೇರಿಯ ಹೆಸರು ಕೆತ್ತಲು ಹೇಳಿದ. ಅದಕ್ಕೇ ಆ ಕಾಲದ ಬುನ್‌ಚೋಂಗ್ ಅನ್ನುವ ಮಣ್ಣಿನ ಬಟ್ಟಲುಗಳಲ್ಲಿ ಕಚೇರಿ ಹೆಸರು, ಕೆಲವದರಲ್ಲಿ ಗ್ಯೋಂಗ್‌ಜು ಅಂತ ಊರ ಹೆಸರೂ ಇರುತ್ತದೆ.

ಬೆಂಗ್ಳೂರ್_ಭಾವ:
ನಮ್ಮಲ್ಲಿ ಸ್ಟೀಲ್ ತಟ್ಟೆ ಮೇಲೆ ಹೆಸರು ಕೊರೆಸುವುದು ಇದಕ್ಕೇ ಅಲ್ವಾ? ಮದುವೆ ಮನೆಗೆ ಕೊಟ್ಟದ್ದು ವಾಪಸ್ ಬರಲಿ ಅಂತ.

ಕರಾವಳಿ_ಕುಂಬಾರ:
ಅದೇ ಜಾತಿಯ ಇನ್ನೊಂದು ಹೇಳಿದರೆ ಖುಷಿಪಡುತ್ತೀರಿ. ಮೊಘಲರ ಭಂಡಾರದಲ್ಲಿದ್ದ ಕೆಲವು ಚೀನಾ ತಟ್ಟೆಗಳ ಮೇಲೆ ಶಾಜಹಾನನ ಹೆಸರು ಪಾರ್ಸಿಯಲ್ಲಿ ಕೊರೆದಿದೆ. ಗ್ಲೇಜ್ ಮೇಲೆ ಆಮೇಲೆ ಕೊರೆದದ್ದು. ಒಡೆಯನ ಗುರುತೇ ಹೊರತು ಮಾಡಿದವನದ್ದಲ್ಲ. ಅದಕ್ಕೇ ಗುರುತು ಗ್ಲೇಜಿನ ಅಡಿಯಲ್ಲಿದೆಯಾ, ಮೇಲಿದೆಯಾ, ಕೊರೆದಿದ್ದಾ ಅಂತ ಮೊದಲು ನೋಡಬೇಕು. ಅಡಿಯಲ್ಲಿದ್ದರೆ ಸುಡುವ ಮೊದಲೇ ಬರೆದದ್ದು, ಬೆರಳಿಗೆ ಏನೂ ತಾಗಲ್ಲ. ಮೇಲಿದ್ದರೆ ಯಾವ ಕಾಲದಲ್ಲಿ ಯಾರು ಬೇಕಾದರೂ ಸೇರಿಸಿರಬಹುದು.

ಚಹಾಪ್ರಿಯ_ಚನ್ನ:
ಚೀನಾದ ಯಿಶಿಂಗ್ ಊರಿನ ಮಣ್ಣಿನ ಟೀ ಪಾಟ್ ಬಗ್ಗೆ ಯಾರಾದರೂ ಹೇಳಿ. ನನ್ನ ಹತ್ತಿರ ಒಂದಿದೆ. ತಳದಲ್ಲಿ ಚೌಕ ಮುದ್ರೆ, ಮುಚ್ಚಳದ ಒಳಗೆ ಪುಟ್ಟದೊಂದು, ಹಿಡಿಯ ಕೆಳಗೆ ಇನ್ನೊಂದು. ಮೂರು ಕಡೆ ಮುದ್ರೆ ಇದ್ದರೆ ಅಸಲಿ ತಾನೆ?

ಶಾಂಘೈ_ಸೊಸೆ:
ಮೂರು ಮುದ್ರೆ ಒತ್ತುವವನಿಗೆ ಮೂವತ್ತು ಒತ್ತುವುದೂ ಕಷ್ಟವಲ್ಲ ಚನ್ನ. 20ನೇ ಶತಮಾನದ ದೊಡ್ಡ ಹೆಸರು ಗು ಜಿಂಗ್‌ಝೌ. ಅವರೇ ಎಳೆ ವಯಸ್ಸಿನಲ್ಲಿ, 1930ರ ದಶಕದಲ್ಲಿ, ಶಾಂಘೈ ವ್ಯಾಪಾರಿಗಳಿಗೆ ಹಳೇ ಉಸ್ತಾದರ ಪಾಟ್‌ಗಳ ಪ್ರತಿ ಮಾಡಿಕೊಟ್ಟಿದ್ದರು. ಈಗ ಅವರ ಹೆಸರಿನ ಮುದ್ರೆಯನ್ನೇ ಬೀದಿಯಲ್ಲಿ ಒತ್ತುತ್ತಾರೆ. ಮುದ್ರೆ ಬಿಡಿ, ಮುಚ್ಚಳ ಎಷ್ಟು ಬಿಗಿಯಾಗಿ ಕೂರುತ್ತದೆ, ನೀರು ಹೇಗೆ ಸುರಿಯುತ್ತದೆ ಅಂತ ನೋಡಿ. ಚಹಾ ಚೆನ್ನಾಗಿ ಬಂದರೆ ಕುಡಿಯಿರಿ.

ಕರಾವಳಿ_ಕುಂಬಾರ:
ಹೆಸರೇ ಹಾಕದವರೂ ಇದ್ದಾರೆ. ಜಪಾನಿನ ಹೆಸರಾಂತ ಕುಂಬಾರ ಹಮಾದಾ ಶೋಜಿ ಮಾಶಿಕೋ ಊರಿನಲ್ಲಿ ಮಾಡಿದ ಪಾತ್ರೆಗಳಿಗೆ ಸಹಿ ಹಾಕುತ್ತಿರಲಿಲ್ಲ. ಜೊತೆಗೆ ಕೊಡುವ ಮರದ ಪೆಟ್ಟಿಗೆ ಮೇಲೆ ಬರೆಯುತ್ತಿದ್ದರು. ಈಗ ಪಾತ್ರೆಗಿಂತ ಪೆಟ್ಟಿಗೆಗೇ ಕಳ್ಳರು. ಖಾಲಿ ಪೆಟ್ಟಿಗೆ ತಂದು ಒಳಗೆ ಬೇರೆ ಏನೋ ಇಟ್ಟು ಮಾರುತ್ತಾರೆ. ಓಸಾಕಾವಾಸಿ, ಸಂತೆಯಲ್ಲಿ ಪೆಟ್ಟಿಗೆ ಸಮೇತ ಸಿಕ್ಕರೆ ಪಾತ್ರೆ ಅದರೊಳಗೆ ಸರಿಯಾಗಿ ಕೂರುತ್ತದಾ ನೋಡಿ.

ಲಾಟ್ರಿ_ಲಕ್ಕಪ್ಪ:
ಅಂದರೆ ಯಾವ ಗುರುತೂ ಇಲ್ಲದ್ದು ಕೊಂಡರೆ ಲಾಟ್ರಿ ಹೊಡೆಯಬಹುದು!

ಕಪ್ಪುಬಸಿ_ಕಲೆಕ್ಟರ್:
ಹೊಡೆದಿದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಬ್ಬರು ಯಾರದೋ ಮನೆಯಂಗಳದ ಮಾರಾಟದಲ್ಲಿ 35 ಡಾಲರ್‌ಗೆ ನೀಲಿ-ಬಿಳಿ ಬಟ್ಟಲು ಕೊಂಡರು. 15ನೇ ಶತಮಾನದ ಆರಂಭದ ಮಿಂಗ್ ಬಟ್ಟಲು ಅಂತ ಗೊತ್ತಾಯಿತು. 2021ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 7,21,800 ಡಾಲರ್ ಬಂತು. ಅದನ್ನು ಗುರುತಿಸಿದ್ದು ಆಕಾರ, ಗ್ಲೇಜಿನ ನುಣುಪು, ನೀಲಿಯ ಬಗೆ ನೋಡಿ. ಯೊಂಗ್‌ಲೆ ದೊರೆಯ ಕಾಲದ ನೀಲಿ-ಬಿಳಿಗೆ ಸಾಮಾನ್ಯವಾಗಿ ಹೆಸರೇ ಬರೆಯುತ್ತಿರಲಿಲ್ಲ, ಆ ರೂಢಿ ಗಟ್ಟಿಯಾದದ್ದು ಆಮೇಲಿನ ಷುವಾನ್‌ದೆ ಕಾಲದಲ್ಲಿ.

ಹೊಸಪೇಟೆ_ಹನುಮ:
ಹಂಪಿಯ ಉತ್ಖನನದಲ್ಲೂ ಚೀನಾ ಪಿಂಗಾಣಿ ಚೂರು ಸಿಕ್ಕಿವೆ, ಗಣ್ಯರ ಬಡಾವಣೆ ಅನ್ನುವ ಕಡೆ. ಅವುಗಳ ಕಾಲ ಹೇಗೆ ಹೇಳಿದರು? ಎಲ್ಲದಕ್ಕೂ ತಳ ಇರಲ್ಲವಲ್ಲ.

ಕರಾವಳಿ_ಕುಂಬಾರ:
ಅದೇ ಚಂದ. ಬಹಳಷ್ಟು ಚೂರಿಗೆ ಗುರುತು ಇರುವ ಭಾಗವೇ ಇರಲ್ಲ. ಚಿತ್ರದ ಶೈಲಿ, ನೀಲಿಯ ಬಗೆ, ಮಣ್ಣಿನ ಬಿಳುಪು, ಜೊತೆಗೆ ಸಿಕ್ಕ ಬೇರೆ ವಸ್ತುಗಳನ್ನು ನೋಡಿ ಹೇಳಬೇಕು. ಹಂಪಿಗೆ ಇನ್ನೊಂದು ಅನುಕೂಲ ಇದೆ. 1565ರಲ್ಲಿ ಊರು ಹಾಳಾಯಿತು, ಅರಮನೆಯ ವೈಭವ ಅಲ್ಲಿಗೆ ನಿಂತಿತು, ಅಂದರೆ ಅಲ್ಲಿನ ಚೂರು ಬಹುಪಾಲು ಅದಕ್ಕೂ ಹಿಂದಿನದು. ಮತ್ತೆ ಹನುಮ, ಅಡ್ಡಾಡುವಾಗ ಚೂರು ಕಂಡರೆ ಜೇಬಿಗೆ ಹಾಕಬೇಡಿ, ಅಪರಾಧ ಅದು.

ಹೊಸಪೇಟೆ_ಹನುಮ:
ನಾವು ಹಾಕಲ್ಲ ಸಾರ್, ಬರೋ ಪ್ರವಾಸಿಗರಿಗೆ ಹೇಳಿ.

ಓಸಾಕಾವಾಸಿ:
ಎಲ್ಲರಿಗೂ ಥ್ಯಾಂಕ್ಸ್. ಅಂತೂ ಅರಿತಾ ತಟ್ಟೆ. ಊಟಕ್ಕೆ ಬಳಸಬಹುದಾ?

ಕರಾವಳಿ_ಕುಂಬಾರ:
ನೀಲಿ ಗ್ಲೇಜಿನ ಅಡಿಯಲ್ಲಿದೆ, ಬಿರುಕಿಲ್ಲ ಅಂದರೆ ಧಾರಾಳವಾಗಿ. ಮೇಲೆ ಕೆಂಪು ಹಸಿರು ಬಣ್ಣ ಇರುವ ಹಳೇ ತಟ್ಟೆಯಲ್ಲಿ ಮಾತ್ರ ಹುಳಿ ಸಾರು ಬೇಡ, ಆ ಬಣ್ಣಗಳಲ್ಲಿ ಸೀಸ ಇರುತ್ತದೆ.

ಮಲ್ನಾಡ್_ಮಗಳು:
ಇನ್ನೊಂದು ಪ್ರಶ್ನೆ. ನಿಪ್ಪಾನ್ ಸೆಟ್ಟನ್ನು ಡಲ್ಲಾಸ್‌ನಲ್ಲಿರುವ ಅಣ್ಣ ಕೇಳುತ್ತಿದ್ದಾನೆ. ಪಾರ್ಸೆಲ್ ಮಾಡಬಹುದಾ? ಒಡೆಯದ ಹಾಗೆ ಪ್ಯಾಕ್ ಮಾಡುವುದು ಹೇಗೆ?

ಕಪ್ಪುಬಸಿ_ಕಲೆಕ್ಟರ್:
ಪ್ಯಾಕಿಂಗ್ ಆಮೇಲೆ, ಮೊದಲು ಕಾಯ್ದೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಲಾ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮಾಡಿದ್ದು ಜಪಾನ್ ಆದರೂ ಈಗ ಭಾರತದಲ್ಲಿದೆ. ‘ನಿಪ್ಪಾನ್’ ಅಂದರೆ 1921ರ ಒಳಗೆ, ಲೆಕ್ಕ ನೀವೇ ಹಾಕಿ. ಪುರಾತತ್ವ ಇಲಾಖೆಯವರಿಗೆ ತೋರಿಸಿ ಕೇಳಿ. ಪುರಾತನ ವಸ್ತು ಅಲ್ಲ ಅನ್ನಿಸಿದರೆ ಹಾಗಂತ ಪ್ರಮಾಣಪತ್ರ ಕೊಡುತ್ತಾರೆ. ಮುಖದ ಕಪ್ಪಿನ ಸೆಟ್ ‘ಮೇಡ್ ಇನ್ ಜಪಾನ್’ ಆದ್ದರಿಂದ ತಕರಾರು ಕಡಿಮೆ.

ಮಲ್ನಾಡ್_ಮಗಳು:
ಹಾಗಾದರೆ ಅಣ್ಣನಿಗೆ ಮುಖದ ಕಪ್ಪು. ಬಟ್ಟಲು ನನಗೇ ಇರಲಿ, ಕಾಯ್ದೆಯೇ ಹೇಳಿದ ಮೇಲೆ ನಾನೇನು ಮಾಡಲಿ!

ಬೆಂಗ್ಳೂರ್_ಭಾವ:
ಅಣ್ಣ ಈ ಚರ್ಚೆ ಓದದಿದ್ದರೆ ಸಾಕು.